ಎರಡು ಡಾಲರಿನ ಚೀಟಿ, ಎಪ್ಪತ್ತೆರಡು ಸೆಂಟಿನ ದಸ್ತೂರಿ

ವಿಕ್ಟೋರಿಯಾ ರಾಣಿಯ ಕಾಲದ ಒಂದು ಪೆನ್ನಿಯ ಕೆಂಪು ಅಂಚೆಚೀಟಿಯನ್ನು, ಅಂದರೆ ಸಂಗ್ರಾಹಕರು ‘ಪೆನ್ನಿ ರೆಡ್’ ಎನ್ನುವುದನ್ನು, ಭೂತಗನ್ನಡಿಯ ಕೆಳಗಿರಿಸಿ ನೋಡಿದರೆ, 1864ರಿಂದೀಚಿನ ಪ್ರತಿಗಳಲ್ಲಿ ಎಡಬಲದ ಅಲಂಕರಣದೊಳಗೆ ಮುದ್ರಣಫಲಕದ ಸಂಖ್ಯೆ ಅತಿ ಸೂಕ್ಷ್ಮವಾಗಿ ಹುದುಗಿರುವುದು ಕಾಣಬರುತ್ತದೆ. 71ರಿಂದ 225ರವರೆಗೆ ಹಬ್ಬಿರುವ ಈ ಸಂಖ್ಯೆಗಳಲ್ಲಿ 77 ದೊರೆತವನು ಭಾಗ್ಯಶಾಲಿ. ಮಿಕ್ಕವುಗಳಲ್ಲಿ ಅನೇಕವು ಒಂದೆರಡು ಡಾಲರಿಗೆ ಸಿಗತಕ್ಕವು. ಆದರೆ ಮೊಹರಿನ ಮಸಿಯ ಅಡಿಯಿಂದ ಆ ಅಂಕಿಯನ್ನು ಓದಿ, ಅಂಚಿನ ಹಲ್ಲುಗಳನ್ನು ಪರೀಕ್ಷಿಸಿ, ನುಣುಪು ಕಾಗದದ ಲಕೋಟೆಯಲ್ಲಿರಿಸಿ, ಯಥಾರ್ಥವಾದ ವಿವರಣೆಯೊಡನೆ ಮಾರಾಟಕ್ಕಿಡುವ ಹವ್ಯಾಸಿಯ ಶ್ರಮಕ್ಕೆ ಅಗ್ಗ-ದುಬಾರಿಗಳ ಭೇದವಿಲ್ಲ.

ಪಿಯರ್ ಒಮಿಡ್ಯಾರ್ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಅಂತರಜಾಲದ ಮಾರುಕಟ್ಟೆ ಈಬೇ, ಇಂಥ ಹವ್ಯಾಸಿಯ ಮೇಜನ್ನೇ ವಿಶ್ವದ ಹರಾಜುಕಟ್ಟೆಯನ್ನಾಗಿ ಮಾಡಿತೆಂಬ ಉಪಕಾರವನ್ನು ನಾನು ಮನಸಾರೆ ಸ್ಮರಿಸುತ್ತೇನೆ. ಆದರೆ 2011ರಲ್ಲಿ, ಅಮೆರಿಕದ ಮಾರಾಟಗಾರರಿಂದ ಅದು ಪಡೆಯುವ ದಸ್ತೂರಿಯ ಲೆಕ್ಕಕ್ಕೆ ಅಂಚೆವೆಚ್ಚವೂ ಸೇರಿತು. ಮುಂದೆ ಮಾರಾಟ ತೆರಿಗೆಯೂ ಸೇರಿತು. 2023ರಲ್ಲಿ ಬಹುತೇಕ ವಿಭಾಗಗಳಿಗೆ ದಸ್ತೂರಿ ಶೇಕಡಾ 13.25 ಆಗಿದ್ದು, ಪ್ರತಿ ಮಾರಾಟಕ್ಕೂ 30 ಸೆಂಟುಗಳ ಸ್ಥಿರಶುಲ್ಕ ಬೇರೆ ಇತ್ತು. ಆ ದರದಲ್ಲಿ ಲೆಕ್ಕಹಾಕಿ, ಚೀಟಿಯ ಬೆಲೆ 2 ಡಾಲರ್, ಅಂಚೆವೆಚ್ಚ 1 ಡಾಲರ್, ತೆರಿಗೆ 20 ಸೆಂಟ್ ಎಂದಿಟ್ಟುಕೊಂಡರೆ, ದಸ್ತೂರಿ 42 ಸೆಂಟ್, ಸ್ಥಿರಶುಲ್ಕ 30, ಒಟ್ಟು 72: ಚೀಟಿಯ ಬೆಲೆಯ ಮೂರನೆಯ ಒಂದು ಪಾಲಿಗೂ ಮಿಗಿಲು. ಎರಡು ಸಾವಿರ ಡಾಲರಿನ ಚೀಟಿಯ ಮೇಲಾದರೋ ಇದೇ ಭಾರ ನೂರಕ್ಕೆ ಹದಿನೈದನ್ನೂ ಮುಟ್ಟುವುದಿಲ್ಲ.

ತತ್ಪರಿಣಾಮವಾಗಿ ಮಾರಾಟಗಾರನು ಫಲಕದ ಸಂಖ್ಯೆಗಳನ್ನು ಓದುವ ಗೋಜಿಗೇ ಹೋಗದೆ, ನೂರು ಚೀಟಿಗಳನ್ನು ಒಟ್ಟಿಗೆ ಕಟ್ಟಿ ‘ವಿಂಗಡಿಸದ ಪೆನ್ನಿ ರೆಡ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ತನ್ನ ಪುಟದಲ್ಲಿ 148ರ ಸ್ಥಾನವೊಂದೇ ತೆರವಾಗಿರುವ ಕಿರಿಯ ಸಂಗ್ರಾಹಕನಿಗೆ ಆ ಕಟ್ಟಿನಿಂದೇನು ಪ್ರಯೋಜನ? ಶುಲ್ಕವು ಕಸಿದುಕೊಂಡದ್ದು ಮಾರುವವನ ಲಾಭವನ್ನು ಮಾತ್ರವಲ್ಲ, ಬಿಡಿ ಚೀಟಿಯೊಡನೆ ಒಬ್ಬರಿಂದೊಬ್ಬರಿಗೆ ಸಾಗುತ್ತಿದ್ದ ವಿದ್ಯೆಯನ್ನೂ ಎಂದು ನಾನು ದೃಢವಾಗಿ ನಂಬುತ್ತೇನೆ.

ಜರ್ಮನಿಯಲ್ಲಿ 2023ರಲ್ಲಿ, ಬ್ರಿಟನ್ನಿನಲ್ಲಿ 2024ರಲ್ಲಿ ಈಬೇ ಖಾಸಗಿ ಮಾರಾಟಗಾರರ ದಸ್ತೂರಿಯನ್ನು ತೆಗೆದುಹಾಕಿತು; ಬ್ರಿಟನ್ನಿನಲ್ಲಿ ಮರುವರ್ಷವೇ ಕೊಳ್ಳುವವನ ಮೇಲೆ ರಕ್ಷಣಾಶುಲ್ಕವೊಂದು ಬಂದಿತು. ಲಂಡನ್ನಿನ ಹರಾಜುಸಂಸ್ಥೆಗಳಾದ ಕ್ರಿಸ್ಟೀಸ್ ಮತ್ತು ಸೋದಬೀಸ್ 1975ರಲ್ಲೇ ಕೊಳ್ಳುವವರಿಂದ ಶೇಕಡಾ 10ನ್ನು ವಸೂಲುಮಾಡಲು ತೊಡಗಿದ್ದವಾದ್ದರಿಂದ ಈ ಮಾರ್ಗ ನೂತನವೇನಲ್ಲ. ನನ್ನ ಅಪೇಕ್ಷೆ ಇಷ್ಟೇ: ಐದು ಡಾಲರಿಗೆ ಕಡಮೆಯ ವಸ್ತುವಿನ ಮೇಲೆ ಸ್ಥಿರಶುಲ್ಕ ಯಾರಿಗೂ ಬೇಡ, ಅಂಚೆಗೂ ತೆರಿಗೆಗೂ ಹೋಗುವ ಹಣದ ಮೇಲೆ ದಸ್ತೂರಿ ಬೇಡ. ಅದು ಆಗುವತನಕ, ಬಿಡಿ ಚೀಟಿಗಳನ್ನು ಪುಸ್ತಿಕೆಗಳಲ್ಲಿ ಅಂಟಿಸಿ, ಒಂದೊಂದರ ಕೆಳಗೂ ಬೆಲೆ ಬರೆದು, ಸದಸ್ಯರಿಂದ ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸುವ ಸಂಗ್ರಾಹಕ ಸಂಘಗಳ ಹಳೆಯ ಪದ್ಧತಿಯನ್ನೇ ಎರಡು ಡಾಲರಿನ ಚೀಟಿಯುಳ್ಳವರು ಅವಲಂಬಿಸುವುದು ಲೇಸು.