ಎರಡು ನೌಕೆಗಳು

ನಮ್ಮ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದರೆ ಕಿವಿಗೆ ಬೀಳುವುದು ಒಂದೇ ಮಾತು: "ಬಹಳ ಚೆನ್ನಾಗಿತ್ತು." ನಾಟಕಕ್ಕೂ ಅದೇ, ತಾಳಮದ್ದಳೆಗೂ ಅದೇ, ಮಕ್ಕಳ ಚಿತ್ರಸ್ಪರ್ಧೆಗೂ ಅದೇ, ಕೊನೆಗೆ ಕೊಟ್ಟ ಉಪ್ಪಿಟ್ಟಿಗೂ ಅದೇ. ಊರು ಬಿಟ್ಟು ಬಂದವರು ನಾವು. ಇದ್ದ ನಾಲ್ಕು ಜನರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯ ಇದಕ್ಕೆ ಕಾರಣವಿರಬಹುದು. ಆದರೆ ಈ ದಾಕ್ಷಿಣ್ಯದಿಂದ ಒಬ್ಬ ಕಲಾವಿದನಿಗೆ ಆಗುವ ಅನ್ಯಾಯ ಎಂಥದು ಎಂಬುದು ನನಗೆ ಮನದಟ್ಟಾದದ್ದು ಇತ್ತೀಚೆಗೆ, ಪವಾಯಿಯ ಮಿತ್ರರೊಬ್ಬರ ಮನೆಯಲ್ಲಿ.

ಮಿತ್ರರು ಸಾಗರದ ಕಡೆಯವರು. ಸಾಕಿವಿಹಾರ ರಸ್ತೆಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತರಾಗಿ ಬಹಳ ವರ್ಷಗಳಾದುವು. ಅವರಿರುವ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವವರಿದ್ದಾರೆ. ಸದ್ಯಕ್ಕೆ ಕಲ್ಯಾಣದ ಆಚೆ ಬಾಡಿಗೆ ಮನೆ. ಸಾಮಾನು ಕಟ್ಟುವ ಗಡಿಬಿಡಿಯ ನಡುವೆ ನನ್ನನ್ನು ಕರೆದು, "ಇವೆರಡರಲ್ಲಿ ಒಂದಕ್ಕೆ ಮಾತ್ರ ಜಾಗ ಇದೆಯಂತೆ. ನೀವು ನೋಡಿ ಹೇಳಿ ಮಾರಾಯರೇ" ಎಂದರು. ಮೇಜಿನ ಮೇಲೆ ಎರಡು ಆಕಾಶನೌಕೆಗಳಿದ್ದುವು. ಒಂದನ್ನು ಅವರು ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ರಟ್ಟು, ಕಾಗದ, ಅಂಟಿನಿಂದ ಕಟ್ಟಿದ್ದು. ಇನ್ನೊಂದನ್ನು ಅವರ ಮಗ ಈಚೆಗೆ ಪರದೇಶದ ಕಿಟ್ ತರಿಸಿ ಆರು ತಿಂಗಳು ಕುಳಿತು ಜೋಡಿಸಿದ್ದು. ಎರಡೂ ಒಂದೇ ಹಡಗು: 'ಸ್ಟಾರ್ ಟ್ರೆಕ್' ಧಾರಾವಾಹಿಯ 'ಎಂಟರ್‌ಪ್ರೈಸ್'.

ಆ ಕಾಲದ ದೂರದರ್ಶನ ನೋಡಿದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಅಮೆರಿಕೆಯಲ್ಲಿ 1966ರಿಂದ 1969ರವರೆಗೆ 79 ಕಂತುಗಳಲ್ಲಿ ಬಂದ ಈ ಧಾರಾವಾಹಿ ನಮ್ಮಲ್ಲಿಗೆ ತಲುಪಿದ್ದು ಎಂಬತ್ತರ ದಶಕದಲ್ಲಿ, ಭಾನುವಾರದ ಬೆಳಗಿನ ಹೊತ್ತಿಗೆ. ಇಡ್ಲಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಮಕ್ಕಳು ಮುದುಕರೆನ್ನದೆ ನೋಡುತ್ತಿದ್ದೆವು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು. ಹಡಗು ಪೂರ್ತಿ ತಿಳಿಯುತ್ತಿತ್ತು.

ಆ ಹಡಗಿನ ಮೂಲದ ಬಗ್ಗೆ ಎರಡು ಮಾತು ಹೇಳದೆ ವಿಮರ್ಶೆಗೆ ತೊಡಗುವಂತಿಲ್ಲ. ಅದರ ರೂಪವನ್ನು ಕಲ್ಪಿಸಿದವರು ಮ್ಯಾಟ್ ಜೆಫ್ರೀಸ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದ ಮನುಷ್ಯ. ಎಂಜಿನ್ನುಗಳು ಅಪಾಯಕಾರಿಯಾದ್ದರಿಂದ ಅವನ್ನು ಜನರಿರುವ ಭಾಗದಿಂದ ದೂರ ಎತ್ತಿ ಇಡಬೇಕು, ದುರಸ್ತಿಯೆಲ್ಲ ಒಳಗಿನಿಂದಲೇ ಆಗುವಂತಿರಬೇಕು, ಹಾಗಾಗಿ ಹೊರಮೈ ನುಣುಪಾಗಿರಬೇಕು: ಇದು ಅವರ ತರ್ಕ. ಮುಂದೆ ತಟ್ಟೆ, ಅದಕ್ಕೊಂದು ಕುತ್ತಿಗೆ, ಕೆಳಗೆ ಉರುಟಾದ ಒಡಲು, ಒಡಲಿನಿಂದ ಓರೆಯಾಗಿ ಮೇಲೆದ್ದ ಎರಡು ತೋಳುಗಳ ತುದಿಯಲ್ಲಿ ಎರಡು ಎಂಜಿನ್ನು. 1964ರಲ್ಲಿ ರಿಚರ್ಡ್ ಡೇಟಿನ್ ಮತ್ತು ಸಂಗಡಿಗರು ಮರ, ತಗಡು, ಪ್ಲಾಸ್ಟಿಕ್ಕುಗಳಿಂದ 11 ಅಡಿಗೂ ತುಸು ಉದ್ದದ ಮಾದರಿಯನ್ನು ಕಟ್ಟಿದರು. ನಾವು ಪರದೆಯ ಮೇಲೆ ಕಂಡದ್ದು ಹೆಚ್ಚಾಗಿ ಇದನ್ನೇ. ಆಮೇಲೆ ಅದರೊಳಗೆ ದೀಪ ಹಾಕಿದಾಗ ತಂತಿಗಳೆಲ್ಲ ಎಡಮಗ್ಗುಲಿನಿಂದ ಹೊರಬಂದುವು. ಆದ್ದರಿಂದ ಚಿತ್ರೀಕರಣ ಬಲಮಗ್ಗುಲಿನಿಂದ, ಎಡಮಗ್ಗುಲು ಬೋಳು. 1974ರಲ್ಲಿ ಆ ಮಾದರಿ ಅಮೆರಿಕೆಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು.

ಧಾರಾವಾಹಿ ಶುರುವಾದ 1966ರಲ್ಲೇ ಎ.ಎಂ.ಟಿ. ಎಂಬ ಕಂಪೆನಿ ಮಕ್ಕಳು ಜೋಡಿಸುವ ಕಿಟ್ಟನ್ನು ಅಂಗಡಿಗೆ ತಂದಿತು. ಸ್ವಾರಸ್ಯವೆಂದರೆ, 1967ರ ಒಂದು ಕಂತಿಗೆ ಮುರಿದು ಸುಟ್ಟ ಇನ್ನೊಂದು ಹಡಗು ಬೇಕಾದಾಗ ಸ್ಟುಡಿಯೋದವರು ಇದೇ ಕಿಟ್ಟನ್ನು ತಂದು ಕಟ್ಟಿ, ಸುಟ್ಟು, ಕ್ಯಾಮರಾದ ಮುಂದೆ ಹಿಡಿದರು. ಎಂಟರ್‌ಪ್ರೈಸಿನ ಸಂಖ್ಯೆ 1701. ಕಿಟ್ಟಿನೊಂದಿಗೆ ಬಂದ ಅಂಕಿಗಳನ್ನೇ ಹಿಂದುಮುಂದು ಅಂಟಿಸಿ 1017 ಮಾಡಿದರು! ಆಟಿಕೆ, ಕಲೆ ಎಂದು ನಾವು ಎಳೆಯುವ ಗೆರೆ ಎಷ್ಟು ತೆಳುವೆಂಬುದಕ್ಕೆ ಇದೊಂದು ಸಾಕ್ಷಿ.

ಈಗ ತಂದೆಯ ನೌಕೆಗೆ ಬರೋಣ. ಊಟದ ಸ್ಟೀಲ್ ತಟ್ಟೆಯ ಮೇಲೆ ಮೈದಾ ಅಂಟಿನಲ್ಲಿ ನೆನೆಸಿದ ವೃತ್ತಪತ್ರಿಕೆಯ ಚೂರುಗಳನ್ನು ಪದರಪದರವಾಗಿ ಹಾಕಿ, ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ ಮಾಡಿದ ತಟ್ಟೆ. ಕಾರ್ಖಾನೆಯಿಂದ ಬಂದ ಪೆಟ್ಟಿಗೆಯ ಹಲಗೆ ಕೆತ್ತಿ ಮಾಡಿದ ಕುತ್ತಿಗೆ. ಲಟ್ಟಣಿಗೆಯ ಮೇಲೆ ಡ್ರಾಯಿಂಗ್ ಹಾಳೆ ಸುತ್ತಿ ಮಾಡಿದ ಎಂಜಿನ್ನುಗಳು. ಅವುಗಳ ಮೂತಿಗೆ ಅರ್ಧಕ್ಕೆ ಕೊಯ್ದ ಪಿಂಗ್‌ಪಾಂಗ್ ಚೆಂಡು, ಕೆಂಪು ಬಣ್ಣ. ಒಡಲಿನ ಮುಂದಿರುವ ತಾಮ್ರದ ಬಣ್ಣದ ಬಟ್ಟಲಿಗೆ ಮನೆಯಾಕೆಯ ಕುಂಕುಮದ ಭರಣಿಯ ಮುಚ್ಚಳ. ಆ ವಿಷಯದಲ್ಲಿ ಮಾತ್ರ ಮನೆಯಲ್ಲಿ ಇಂದಿಗೂ ರಾಜಿಯಾಗಿಲ್ಲ.

ಅಳತೆ ಎಲ್ಲಿಂದ ತೆಗೆದಿರಿ ಎಂದೆ. ಟೀವಿಯ ಗಾಜಿನ ಮೇಲೆ ಟ್ರೇಸಿಂಗ್ ಕಾಗದ ಹಿಡಿದು, ನೌಕೆ ಕಾಣುವ ಎರಡು ಮೂರು ಸೆಕೆಂಡುಗಳಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದರಂತೆ. ಮಕ್ಕಳಿಗೆ ಕಾಣುತ್ತಿದ್ದುದು ಹಡಗಲ್ಲ, ಅಪ್ಪನ ಬೆನ್ನು. ಹೀಗೆ ಹಲವು ಭಾನುವಾರ. ನಾನು ಅಳತೆಪಟ್ಟಿ ತೆಗೆದೆ. ಕಥೆಯ ಪ್ರಕಾರ ಹಡಗಿನ ಉದ್ದ 947 ಅಡಿ, ತಟ್ಟೆಯ ಅಗಲ 417 ಅಡಿ, ಎಂಜಿನ್ನು 504 ಅಡಿ. ಮಿತ್ರರ ತಟ್ಟೆ 11 ಅಂಗುಲ. ಆ ಲೆಕ್ಕದಲ್ಲಿ ಹಡಗು 25 ಅಂಗುಲವಿರಬೇಕು, ಅವರದು 24. ಚಲಿಸುವ ಚಿತ್ರದಿಂದ ಕದ್ದ ಅಳತೆಗೆ ಇದು ಆಶ್ಚರ್ಯಕರವಾದ ನಿಖರತೆ. ಆದರೆ ಎಂಜಿನ್ನು 13 ಅಂಗುಲಕ್ಕೂ ತುಸು ಹೆಚ್ಚಿರಬೇಕಾದಲ್ಲಿ ಬರೀ 10 ಅಂಗುಲ! ಇಡೀ ನೌಕೆ ಮುಂದಕ್ಕೆ ಭಾರವಾಗಿ, ಹೊಟ್ಟೆ ತುಂಬ ಉಂಡು ಎದ್ದವರಂತೆ ಕಾಣುವುದು ಇದರಿಂದ. ಕಾರಣ ಊಹಿಸುವುದು ಕಷ್ಟವಲ್ಲ. ನೌಕೆ ನಮ್ಮತ್ತ ಮುಖಮಾಡಿ ಬರುವ ದೃಶ್ಯದಲ್ಲಿ ಹತ್ತಿರದ ತಟ್ಟೆ ದೊಡ್ಡದು, ದೂರದ ಎಂಜಿನ್ನು ಗಿಡ್ಡ. ಎಂಜಿನ್ನಿನ ಅಳತೆಯನ್ನು ಅವರು ಆ ದೃಶ್ಯದಿಂದ ತೆಗೆದಿದ್ದಾರೆ. ಕುತ್ತಿಗೆಯೂ ದಪ್ಪವಾಯಿತು, ಹಲಗೆ ಇದ್ದಷ್ಟೇ ದಪ್ಪಕ್ಕೆ ಬಿಟ್ಟದ್ದು ಆಲಸ್ಯ ಎನ್ನದೆ ವಿಧಿಯಿಲ್ಲ. ಬಣ್ಣ ಅಲ್ಯುಮಿನಿಯಂ ಪೇಂಟು. ಮೂಲದ್ದು ಹಸಿರಿನ ಸುಳಿವಿರುವ ಬೂದು. ಆದರೆ ಕಪ್ಪು-ಬಿಳುಪಿನ ಟೀವಿಯಲ್ಲಿ ಕಂಡವರನ್ನು ಇದಕ್ಕಾಗಿ ದೂರುವಂತಿಲ್ಲ.

ಗುಣವೆಲ್ಲಿದೆ? ಜೆಫ್ರೀಸರ ತರ್ಕವನ್ನು ಈ ನೌಕೆ ಅರಿತಿದೆ. ತೋಳುಗಳು ಒಡಲಿನಿಂದ ಏಳುವ ಜಾಗದಲ್ಲಿ ಸೈಕಲ್ ಕಡ್ಡಿ ತೂರಿಸಿ, ಅರಲ್ಡೈಟ್ ಹಾಕಿ, ಮೇಲೆ ಕಾಗದ ಸುತ್ತಿದ್ದಾರೆ. ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಪವಾಯಿಯ ಕೆರೆಯ ತೇವದ ಗಾಳಿ ಕುಡಿದೂ ತೋಳು ಜೋತಿಲ್ಲ. ಮೈ ನುಣುಪು. ಕಿಟಕಿಗಳಿರುವಲ್ಲಿ ಮಾತ್ರ ಕಿಟಕಿ. ಉಳಿದೆಡೆ ಏನೂ ಇಲ್ಲ. ಏನೂ ಇಲ್ಲದಿರುವಲ್ಲಿ ಏನೂ ಮಾಡದೆ ಕೈ ತಡೆದುಕೊಳ್ಳುವುದು ದೊಡ್ಡ ಸಂಯಮ.

ಈ ಸಂಯಮವೇ ಮಗನ ನೌಕೆಯಲ್ಲಿ ಇಲ್ಲದಿರುವುದು. ಅದು 1/350 ಪ್ರಮಾಣದ ಕಿಟ್. ಉದ್ದ ಸುಮಾರು 32 ಅಂಗುಲ. ಪ್ರಮಾಣದಲ್ಲಿ ಲೋಪವಿಲ್ಲ, ಅದು ಅಚ್ಚಿನ ಪುಣ್ಯ. ಜೋಡಣೆಯ ಸಂದುಗಳನ್ನು ಪುಟ್ಟಿ ತುಂಬಿ ತಿಕ್ಕಿದ ಬಗೆ ಮಾತ್ರ ಮಗನದೇ ಸಾಧನೆ. ಬೆರಳಾಡಿಸಿದರೂ ಸಂದು ಸಿಗದು. ಎಂಜಿನ್ನಿನ ಮೂತಿಗಳಲ್ಲಿ ಪುಟ್ಟ ಮೋಟಾರು ತಿರುಗುತ್ತದೆ, ಬಣ್ಣದ ದೀಪಗಳು ಮಿನುಗುತ್ತವೆ. ಮೂಲ ಮಾದರಿಯಲ್ಲೂ ಹೀಗೆಯೇ ಮೋಟಾರು ಮತ್ತು ಕ್ರಿಸ್‌ಮಸ್ ದೀಪಗಳಿದ್ದುವು. ಸಂಜೆ ಕೋಣೆಯ ದೀಪ ಆರಿಸಿ ಇದನ್ನು ಹಚ್ಚಿದಾಗ ನಾನೂ ಒಂದು ಕ್ಷಣ ಸುಮ್ಮನಾದೆ.

ಆದರೆ ತಟ್ಟೆಯ ಮೇಲೆಲ್ಲ ಚೌಕುಳಿ ಗೆರೆ ಕೊರೆದು, ಗೆರೆಗಳಲ್ಲಿ ಕಪ್ಪು ಬಣ್ಣ ಇಳಿಸಿದ್ದಾನೆ. ಗೆರೆಯ ಅಗಲ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರ್ ಎಂದರೇನು ಮಹಾ ಎನ್ನಬಹುದು. 350ರಿಂದ ಗುಣಿಸಿ ನೋಡಿ: 17 ಸೆಂಟಿಮೀಟರಿಗೂ ಮೀರಿದ ಸೀಳು! ಹಡಗಿನ ಮೇಲೆ ನಡೆಯುವವನ ಕಾಲು ಸಿಕ್ಕಿಕೊಳ್ಳುವಷ್ಟು. ಮೂಲದ ಮೇಲಿದ್ದುದು ಪೆನ್ಸಿಲ್ಲಿನ ತೆಳು ಗೆರೆಗಳಷ್ಟೇ. 'ಸ್ಟಾರ್ ವಾರ್ಸ್' ಚಿತ್ರ 1977ರಲ್ಲಿ ಬಂದ ಮೇಲೆ ಆಕಾಶನೌಕೆಗಳ ಮೈಮೇಲೆ ಕೊಳವೆ, ಪೆಟ್ಟಿಗೆ, ಗೀರು, ಕೊಳೆ ತುಂಬುವುದು ರೂಢಿಯಾಯಿತು. ಆ ಹಡಗುಗಳಿಗೆ ಅದು ಒಪ್ಪುತ್ತದೆ. ಅದನ್ನು ಎಂಟರ್‌ಪ್ರೈಸಿಗೆ ತಂದರೆ ಬಡಗುತಿಟ್ಟಿನ ವೇಷಕ್ಕೆ ತೆಂಕಿನ ಕಿರೀಟ ಕಟ್ಟಿದಂತೆ. ಎರಡೂ ಚಂದ, ಕೂಡಿದರೆ ಅಭಾಸ. ಸಾಗರದ ಗುಡಿಗಾರರ ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಕೆತ್ತದ ಒಂದಂಗುಲ ಜಾಗ ಸಿಗದಿರಬಹುದು, ಅದು ಪೆಟ್ಟಿಗೆಗೆ ಭೂಷಣ. ನೌಕೆಗೆ ಅಲ್ಲ.

ಈ ತಪ್ಪು ದೊಡ್ಡವರಿಂದಲೂ ಆಗಿದೆ. ತೊಂಬತ್ತರ ದಶಕದ ಆರಂಭದಲ್ಲಿ ಮೂಲ ಮಾದರಿಯನ್ನೇ ದುರಸ್ತಿ ಮಾಡಿದಾಗ ಗೆರೆಗಳು ಢಾಳಾದುವೆಂದು ಬಲ್ಲವರು ಆಕ್ಷೇಪಿಸಿದರು. ಮತ್ತೆ ದೀರ್ಘವಾಗಿ ಪರಿಶೀಲಿಸಿ, ಹಳೆಯ ಫೋಟೋಗಳನ್ನು ಸಾರ್ವಜನಿಕರಿಂದ ಕೇಳಿ ಪಡೆದು, ಸರಿಪಡಿಸಿ 2016ರಲ್ಲಿ ಪ್ರದರ್ಶನಕ್ಕಿಟ್ಟರು. ತಟ್ಟೆಯ ಮೇಲ್ಭಾಗದಲ್ಲಿ ಮಾತ್ರ ಚಿತ್ರೀಕರಣದ ಕಾಲದ ಬಣ್ಣ ಉಳಿದುಕೊಂಡಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡರು.

ಮಗನ ಇನ್ನೊಂದು ತಪ್ಪು ದೀಪದ್ದು. ಎಲ್ಲ ಕಿಟಕಿಗಳಲ್ಲೂ ಬೆಳಕು, ಎಲ್ಲವೂ ಒಂದೇ ಸಮ. ಕಥೆಯ ಹಡಗಿನಲ್ಲಿ 430 ಜನ ಪಾಳಿಯ ಮೇಲೆ ದುಡಿಯುತ್ತಾರೆ. ರಾತ್ರಿ ಕೆರೆಯ ಏರಿಯ ಮೇಲೆ ನಿಂತು ಹಿರಾನಂದಾನಿ ಕಟ್ಟಡಗಳತ್ತ ನೋಡಿದರೆ ಸಾಕು: ಒಂದು ಕಿಟಕಿ ಬೆಳಗಿದರೆ ಪಕ್ಕದ್ದು ಕತ್ತಲು. ಕತ್ತಲ ಕಿಟಕಿಯ ಹಿಂದೆ ಯಾರೋ ಮಲಗಿದ್ದಾರೆಂದು ನಮಗೆ ಗೊತ್ತು. ಎಲ್ಲ ಕಿಟಕಿ ಬೆಳಗಿದರೆ ಅದು ಮದುವೆ ಮಂಟಪ. ಮೂಲದಲ್ಲೂ ಕೆಲವು ಕಿಟಕಿ ಬೆಳಗಿದ್ದುವು, ಕೆಲವು ಕಪ್ಪಾಗಿದ್ದುವು.

ಎಡಮಗ್ಗುಲಿನ ಪ್ರಶ್ನೆ ಸ್ವಾರಸ್ಯದ್ದು. ಮಾದರಿಗಾರ ನಕಲು ಮಾಡಬೇಕಾದದ್ದು ಯಾವುದನ್ನು? ವಾಷಿಂಗ್ಟನ್ನಿನಲ್ಲಿರುವ, ಒಂದು ಮಗ್ಗುಲು ಬೋಳಾದ ಮರದ ವಸ್ತುವನ್ನೋ, ಅದು ನಮ್ಮ ಮನಸ್ಸಿನಲ್ಲಿ ಎಬ್ಬಿಸಿದ ಪೂರ್ಣವಾದ ಹಡಗನ್ನೋ? ಮಗ ಎರಡನೆಯದನ್ನು ಆರಿಸಿ ಎಡಬದಿಯನ್ನೂ ಪೂರ್ತಿಗೊಳಿಸಿದ್ದಾನೆ. ತಂದೆಯೂ ಅಂದು ಅದನ್ನೇ ಮಾಡಿದ್ದರು, ಎಡಬದಿ ಬೋಳೆಂಬುದೇ ತಿಳಿಯದೆ. ಇಬ್ಬರದೂ ಸರಿಯೆಂದು ನನ್ನ ಮತ. ವೇಷಧಾರಿಯ ಬೆನ್ನು ನೋಡಲು ಯಾರೂ ಚೌಕಿಗೆ ಹೋಗುವುದಿಲ್ಲ. ಅರ್ಜುನನಿಗೆ ಬೆನ್ನಿದೆಯೆಂದು ಎಲ್ಲರೂ ನಂಬಿರುತ್ತಾರೆ.

ಇಷ್ಟನ್ನೂ ನಾನು ಇಬ್ಬರ ಎದುರಿಗೇ ಹೇಳಿದೆ. ಮಗ ಗೆರೆಯ ಲೆಕ್ಕವನ್ನು ಫೋನಿನಲ್ಲಿ ಗುಣಿಸಿ ನೋಡಿ ಒಪ್ಪಿಕೊಂಡ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಅತಿಯಾಯಿತೇನೋ ಎಂದು ನನಗೂ ಅಳುಕಾಯಿತು. ಆಮೇಲೆ ಅವರೆಂದರು: "ಇಷ್ಟು ವರ್ಷ ಬಂದವರೆಲ್ಲ ಚೆನ್ನಾಗಿದೆ ಎಂದೇ ಹೋದರು. ಏನೋ ತಪ್ಪಿದೆಯೆಂದು ನನಗೆ ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. ಅಳೆದು ನೋಡಿದವರು ನೀವೇ ಮೊದಲು." ಅಡುಗೆಮನೆಯತ್ತ ತಿರುಗಿ, "ಆ ಲಟ್ಟಣಿಗೆ ಕಟ್ಟಿಯಾಯಿತೇನೇ?" ಎಂದು ಕೇಳಿದರು.

ಹಳೆಯದರ ಎಂಜಿನ್ನು ಕಿತ್ತು ಸರಿಮಾಡುವುದು ಬೇಡವೆಂದು ನಾನು ಬೇಡಿಕೊಂಡಿದ್ದೇನೆ. ಸರಿಯಾದ ಅಳತೆಯ ಇನ್ನೊಂದನ್ನು ಬೇಕಾದರೆ ಕಟ್ಟಲಿ. ಯಾವುದಕ್ಕೆ ಜಾಗ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮಗನ ನೌಕೆಯ ಅಚ್ಚು ಇನ್ನೂ ಸಿಗುತ್ತದೆ, ತಂದೆಯದಕ್ಕೆ ಅಚ್ಚು ಆ ಸ್ಟೀಲ್ ತಟ್ಟೆಯೊಂದೇ.

ಪವಾಯಿಯ ಕಾರ್ಖಾನೆಯಲ್ಲಿ ಲಾರ್ಸೆನ್ ಅಂಡ್ ಟೂಬ್ರೋದವರು ಇಸ್ರೋ ರಾಕೆಟ್ಟುಗಳ ಭಾಗಗಳನ್ನು ಮಾಡುತ್ತಾರೆ. ಅಲ್ಲಿಯ ಐ.ಐ.ಟಿ.ಯ ವಿದ್ಯಾರ್ಥಿಗಳು ಕಟ್ಟಿದ 'ಪ್ರಥಮ್' ಉಪಗ್ರಹ 2016ರಲ್ಲಿ ಮೇಲೇರಿತು. ಅಂಥ ಊರಿನ ರಟ್ಟಿನ ನೌಕೆಯೊಂದಕ್ಕೆ ನಮ್ಮ ಸಂಘದ ವಾರ್ಷಿಕ ಪ್ರದರ್ಶನದಲ್ಲಿ, ರಂಗವಲ್ಲಿ ಮತ್ತು ದಸರೆಯ ಬೊಂಬೆಗಳ ಪಕ್ಕದಲ್ಲಿ, ಒಂದು ಮೇಜು ಸಿಗಬಾರದೇ? "ಇದು ಆಟಿಕೆ, ಮಕ್ಕಳ ವಿಭಾಗಕ್ಕೆ ಕೊಡಿ" ಎಂದು ಹಿಂದೊಮ್ಮೆ ವಾಪಸು ಬಂದದ್ದಂತೆ. ಕಾರ್ಯಕಾರಿ ಸಮಿತಿ ಈ ಸಲ ಮರುವಿಚಾರ ಮಾಡಲಿ. ಎರಡೂ ನೌಕೆಗಳನ್ನು ಜೊತೆಗಿಡಲಿ. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಇಡಲಿ. ನೋಡಿದವರು ಚೆನ್ನಾಗಿದೆ ಎನ್ನುವ ಮೊದಲು ಒಮ್ಮೆ ಅಳೆಯಲಿ.