ಬಣ್ಣದ ಕೆಳಗಿನ ತಗಡು

ಹಳೆಯ ಕಾರಿನ ಬಣ್ಣವನ್ನು ಎದುರು ನಿಂತು ನೋಡಬಾರದು. ಹಿಂದಿನ ಲೈಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ತಗಡಿನ ಹತ್ತಿರ ತಂದು, ಮುಂದಿನ ಮಡ್‌ಗಾರ್ಡ್‌ವರೆಗೂ ನೋಟ ಹರಿಸಬೇಕು. ಗ್ಯಾರೇಜಿನ ಟ್ಯೂಬ್‌ಲೈಟಿನ ಬೆಳಕು ಬಾಗಿಲ ಮೇಲೆ ಗೆರೆಯಾಗಿ ಬಿದ್ದು, ಎರಡು ಬಾಗಿಲುಗಳ ನಡುವಿನ ಸಂದು ದಾಟಿದ ಮೇಲೂ ಅದೇ ಎತ್ತರದಲ್ಲಿ ಸಾಗಿದರೆ ಬಲ್ಲವರ ಕೈಯಾಡಿದೆ ಎಂದರ್ಥ. ಗೆರೆ ಅಲ್ಲಲ್ಲಿ ನುಲಿದುಕೊಂಡರೆ, ಹೊಳಪು ಎಷ್ಟೇ ಇರಲಿ, ಒಳಗೆ ಪುಟ್ಟಿ ಮೆತ್ತಿದ್ದಾರೆ.

ಈ ನೋಟಕ್ಕೆ ಫಿಯೆಟ್ 1100ರಷ್ಟು ಒದಗುವ ಕಾರು ನಮ್ಮ ರಸ್ತೆಗಳಲ್ಲಿ ಬೇರೆ ಇರಲಿಲ್ಲ ಎಂಬುದು ನನ್ನ ಪಕ್ಷಪಾತ. ಅಂಬಾಸಿಡರ್ ಅಭಿಮಾನಿಗಳು ಮುನಿಸಿಕೊಂಡರೂ ಸರಿ, ಅದರ ಮೈ ಎಲ್ಲ ಕಡೆಯೂ ಉರುಟು. ಬೆಳಕು ಜಾರಿ ಬೀಳುತ್ತದೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ತಯಾರಿಸಿದ 1100 ಡಿಲೈಟ್‌ನ ಮಗ್ಗುಲು ನೋಡಿ. ಹೆಚ್ಚು ಉಬ್ಬಿಲ್ಲ, ಪೂರಾ ಚಪ್ಪಟೆಯೂ ಅಲ್ಲ. ಹಿಂಬದಿಯಲ್ಲಿ ಎರಡು ಪುಟ್ಟ ರೆಕ್ಕೆಗಳು ಅಂಜುತ್ತಂಜುತ್ತಲೇ ತಲೆಯೆತ್ತಿವೆ. ಅಮೆರಿಕದ ಕಾರುಗಳ ಮೇಲೆ ಅಷ್ಟೊಂದು ಮೆರೆದಾಡಿದ ರೆಕ್ಕೆ ಇಟಲಿಯವರ ಕೈಗೆ ಬರುವಷ್ಟರಲ್ಲಿ ಸಂಕೋಚ ಕಲಿತಿತ್ತು. ಇದೇ ಕಾರು 1970ರ ದಶಕದಲ್ಲಿ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ.

ಉಡುಪಿ ಕಡೆಯ ಗೆಳೆಯರೊಬ್ಬರ ಡಿಲೈಟ್ ಟಿಂಕರಿಂಗಿಗೆ ನಿಂತಿದ್ದಾಗ ಹೋಗಿ ಹೋಗಿ ನೋಡಿಬಂದೆ. ಕಡಲ ದಂಡೆಯ ಕಾರುಗಳಿಗೆ ಮಳೆಯ ಕಾಟವಷ್ಟೇ ಅಲ್ಲ. ಗಾಳಿಯ ಉಪ್ಪು ತಗಡಿನ ಮೇಲಿನ ತೇವದಲ್ಲಿ ಕರಗಿ ತುಕ್ಕಿನ ಕೆಲಸವನ್ನು ಚುರುಕು ಮಾಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಕೇಳುವ ಪದಾರ್ಥ. ಆದ್ದರಿಂದಲೇ ಬಣ್ಣ ಗುಳ್ಳೆಯೇಳುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಊಟ ಬಹುಪಾಲು ಮುಗಿದಿರುತ್ತದೆ. ಟಿಂಕರ್ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎಂದಿತು, ಮುಂದೆ ಬರೀ ದಪ್ಪ್. ಅಲ್ಲಿ ತುದಿಯಿಂದ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. “ತಗಡು ಎಲ್ಲುಂಟು ಮಾರಾಯ್ರೆ? ಬಣ್ಣ ಮಾತ್ರ ಉಂಟು” ಎಂದು ಅವರು ನಕ್ಕರು. ಗೆಳೆಯರು ನಗಲಿಲ್ಲ.

ಫಿಯೆಟ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಎಲುಬು. ರನ್ನಿಂಗ್ ಬೋರ್ಡ್ ಕೊಯ್ದರೆ ಕಾರು ನಡುವಿನಲ್ಲಿ ಜಗ್ಗಬಹುದು; ಮಿಲಿಮೀಟರ್ ಲೆಕ್ಕದಲ್ಲಿ ಜಗ್ಗಿದರೂ ಮತ್ತೆ ಬಾಗಿಲು ಕೂರುವುದಿಲ್ಲ. ಹಾಗಾಗಿ ಮೊದಲು ಅಡಿಯಿಂದ ಆನಿಕೆ, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ. ಆಮೇಲೆ ಬೆಳ್ಳಗಿನ ಲೋಹ ಸಿಗುವವರೆಗೂ ಕತ್ತರಿಸುವುದು. ಇಲ್ಲಿ ಜಿಪುಣತನ ಮಾಡಿದ ಕೆಲಸ ಉಳಿಯದು. ತುಕ್ಕಿನ ಮೇಲೆಯೇ ಹೊಸ ತೇಪೆ ಕೂರಿಸಿದರೆ ಎರಡು ತಗಡಿನ ನಡುವೆ ನೀರು ನಿಂತು, ನಾಲ್ಕು ಮಳೆಗಾಲದೊಳಗೆ ತೇಪೆಗೇ ತೇಪೆ ಬೇಕಾಗುತ್ತದೆ.

ನನಗೆ ಅತಿ ಸೊಗಸೆನಿಸಿದ್ದು ಈ ಹಂತ. ಸಪಾಟು ತಗಡಿನ ತುಂಡು ಮರಳು ಚೀಲದ ಮೇಲೆ ಮರದ ಸುತ್ತಿಗೆಯ ಪೆಟ್ಟು ತಿಂದು ಮೆಲ್ಲಗೆ ಬಾಗುತ್ತದೆ. ಅದನ್ನು ಕಾರಿಗೆ ಹಿಡಿದು ನೋಡುವುದು, ತೆಗೆದು ಮತ್ತೆ ತಟ್ಟುವುದು. ವೆಲ್ಡಿಂಗ್ ಉದ್ದಕ್ಕೂ ಎಳೆಯುವಂತಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡಬೇಕು. ಇಲ್ಲದಿದ್ದರೆ ಶಾಖಕ್ಕೆ ತಗಡು ಸುರುಟಿಕೊಳ್ಳುತ್ತದೆ. ಆ ದೋಷವನ್ನೇ ಗುಣವಾಗಿಸುವ ಉಪಾಯವೂ ಉಂಟು. ಹಿಗ್ಗಿ ಉಬ್ಬಿದ ಜಾಗವನ್ನು ಚಿಕ್ಕ ಚುಕ್ಕೆಯಷ್ಟು ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಚುಯ್ ಎಂದು ಆವಿ ಎದ್ದು ಉಬ್ಬು ಇಳಿಯುತ್ತದೆ. ಸುತ್ತಿಗೆ ತಗಡನ್ನು ಹಿಗ್ಗಿಸಿದರೆ ಬೆಂಕಿ ನೀರು ಸೇರಿ ಕುಗ್ಗಿಸುತ್ತವೆ.

ಬಣ್ಣದವರು ಬಂದ ಮೇಲೆ ಕೆಲಸ ಕಣ್ಣಿನಿಂದ ಅಂಗೈಗೆ ಬರುತ್ತದೆ. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳುವಾಗಿ ಹಾರಿಸಿ, ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ ನೀರು ಹಾಕುತ್ತ ಉಜ್ಜುತ್ತಾರೆ. ಉಬ್ಬಿನ ಮೇಲೆ ಕಪ್ಪು ಬೇಗ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕೊನೆಗೆ ತೆಳು ಬಟ್ಟೆಯನ್ನು ನಡುವೆ ಇಟ್ಟು ಅಂಗೈ ಆಡಿಸುತ್ತಾರೆ; ಬರಿಗೈಗೆ ತಪ್ಪಿದ ಏರಿಳಿತ ಬಟ್ಟೆಯ ಮೇಲಿಂದ ಹೋಗುವಾಗ ಸಿಕ್ಕಿಬೀಳುತ್ತದೆ.

ಯಾವ ಬಣ್ಣ? ಗೆಳೆಯರ ಮಗನಿಗೆ ಮಿನುಗುವ ಮೆಟಾಲಿಕ್ ಕೆಂಪು ಬೇಕಿತ್ತು. ಸದ್ಯ, ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕೆಂಬ ಕಾನೂನು ಸೌಂದರ್ಯದ ಪರವಾಗಿ ನಿಂತಿತು. ಡ್ಯಾಶ್‌ಬೋರ್ಡ್ ಹಿಂದೆ, ಬಿಸಿಲು ಕಾಣದ ಒಂದು ಅಂಗೈಯಗಲ ಜಾಗದಲ್ಲಿ ಕಾರ್ಖಾನೆಯ ಬೂದಿ ಬಣ್ಣ ಹಾಗೇ ಉಳಿದಿತ್ತು. ಹೊರಗೆ ಅದು ಬಿಸಿಲಿಗೆ ಬಿಳಿಚಿ ಬೇರೆಯೇ ಆಗಿತ್ತು. ಒಳಗಿನದನ್ನೇ ಮಾದರಿಯಾಗಿಟ್ಟುಕೊಂಡು, ಬೆರೆಸಿದ್ದನ್ನು ನೆರಳಲ್ಲೊಮ್ಮೆ ಬಿಸಿಲಲ್ಲೊಮ್ಮೆ ಹಿಡಿದು ಹೊಂದಿಸಿದರು.

ಪಿಯು ಬಣ್ಣವೋ ಎನ್‌ಸಿಯೋ ಎಂಬ ಜಗಳ ಮುಗಿಯುವಂಥದ್ದಲ್ಲ. ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್, ನಮ್ಮ ಗ್ಯಾರೇಜುಗಳ ಡ್ಯೂಕೋ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದ ಇದು, ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣವನ್ನು ಗಂಟೆಗಳಿಗೆ ಇಳಿಸಿತು. ಪಿಯು, ಅಂದರೆ ಪಾಲಿಯುರೆಥೇನ್, ಗಟ್ಟಿ, ಬಾಳಿಕೆ ಹೆಚ್ಚು. ದಿನಾ ಓಡಿಸುವ ಕಾರಿಗೆ ಅದೇ ಸರಿ. ಆದರೆ ಅದರ ಹೊಳಪು ಸದಾ ಒದ್ದೆ ಒದ್ದೆ, ಕಣ್ಣನ್ನು ಮೇಲ್ಮೈಯಲ್ಲೇ ತಡೆದು ನಿಲ್ಲಿಸುತ್ತದೆ. ತೆಳುವಾಗಿ ಅನೇಕ ಸಲ ಹೊಡೆದು, ಉಜ್ಜಿ, ಕಾಂಪೌಂಡ್ ಹಾಕಿ ತಿಕ್ಕಿದ ಎನ್‌ಸಿಯ ಹೊಳಪಾದರೋ ಕರಾವಳಿಯ ಹಳೆ ಮನೆಗಳಲ್ಲಿ ತಲೆಮಾರುಗಳ ಪಾದ ಸವರಿದ ಕಾವಿ ನೆಲದ ಹಾಗೆ, ಒಳಗಿಂದ ಬರುತ್ತದೆ. ಅದು ಬಿಸಿಲಿಗೆ ಬೇಗ ಮಂಕಾಗುತ್ತದೆ, ಪೆಟ್ರೋಲ್ ತಾಗಿದರೆ ಕಲೆಯಾಗುತ್ತದೆ. ಗೊತ್ತಿದ್ದೂ ನಾನು ಅದನ್ನೇ ಆರಿಸುತ್ತೇನೆ.

ಗೆಳೆಯರೂ ಅದನ್ನೇ ಆರಿಸಿದರು, ಆದರೆ ಹವಾಮಾನ ಒಪ್ಪಬೇಕಲ್ಲ. ಗಾಳಿಯಲ್ಲಿ ತೇವವಿದ್ದಾಗ ಎನ್‌ಸಿ ಹೊಡೆದರೆ ಥಿನ್ನರ್ ಆರುವ ರಭಸಕ್ಕೆ ತಗಡು ತಣ್ಣಗಾಗಿ, ಗಾಳಿಯ ನೀರು ಹಸಿ ಬಣ್ಣದ ಮೇಲೆ ಕೂತು ಹಾಲಿನಂಥ ಬಿಳುಪು ಹರಡುತ್ತದೆ. ಹಾಗಾಗಿ ಮಳೆಗಾಲ ಪೂರ್ತಿ ಕಾರು ಪ್ರೈಮರ್ ಬಳಿದುಕೊಂಡು ಶೆಡ್ಡಿನಲ್ಲೇ ಕೂತಿತ್ತು. ದೀಪಾವಳಿ ಕಳೆದು ಒಣಗಾಳಿ ಬಂದ ಮೇಲೆ ಒಂದು ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಸ್ಪ್ರೇ ಗನ್ ಎತ್ತಿಕೊಂಡರು. ಹೊಡೆಯುವವರ ಮಣಿಕಟ್ಟು ತಿರುಗಲೇ ಇಲ್ಲ. ಇಡೀ ತೋಳು ತಗಡಿಗೆ ಸಮಾನಾಂತರವಾಗಿ ಸಾಗಿತು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುತ್ತ. ಟಿಂಕರ್ ಮಾತ್ರ ಬಣ್ಣ ನೋಡಲು ನಿಲ್ಲಲಿಲ್ಲ. ಅದು ಒಣಗಿದ ಮೇಲೆ ಬಂದು, ತೆಳು ತಂತಿ ಹಿಡಿದು ಬಾಗಿಲುಗಳ ಅಡಿಯಲ್ಲಿ ನೀರು ಬಸಿಯುವ ತೂತುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದರು. ಎಡಗಡೆಯ ಹಿಂದಿನ ಬಾಗಿಲಿನ ಒಂದು ತೂತು ಮುಚ್ಚಿಹೋಗಿತ್ತು. ಬಣ್ಣದವರನ್ನು ಕೂಗಿ ಕರೆದರು.