ಮುಂದೆ ನಡೆದವನು ಮುಂದಾಳಾಗಲಿಲ್ಲ

ಪಟ್ಟಂದೂರು ಅಗ್ರಹಾರ ಅನ್ನುವ ಹೆಸರು ಈಗ ಮೆಟ್ರೋ ಬೋರ್ಡಿನ ಮೇಲಿದೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ರೈಲು ಬಂದಾಗ ಈ ಊರಿಗೂ ಒಂದು ನಿಲ್ದಾಣ ಬಂತು. ಅಗ್ರಹಾರ ಅಂದರೆ ಬ್ರಾಹ್ಮಣರಿಗೆ ದಾನ ಕೊಟ್ಟ ಊರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ದಾನದ ಶಾಸನಗಳಲ್ಲಿ ಕೊಟ್ಟ ದೊರೆಯ ಹೆಸರಿರುತ್ತದೆ, ಪಡೆದವನ ಗೋತ್ರ ಇರುತ್ತದೆ. ಊರಿಗೆ ಸುದ್ದಿ ಸಾರಲು ತಮಟೆ ಬಡಿದವನ ಹೆಸರನ್ನು ನಾನು ಕಂಡ ಯಾವ ಕಲ್ಲಿನಲ್ಲೂ ಕಾಣಲಿಲ್ಲ.

ರಾಗಿ ಬೆಳೆಯುತ್ತಿದ್ದ ಆ ಸೀಮೆಯಲ್ಲಿ ಈಗ ಗಾಜಿನ ಕಟ್ಟಡಗಳು ಎದ್ದಿವೆ. ಪಕ್ಕದ ಇಪಿಐಪಿ ಬಡಾವಣೆಯ ವಿಂಡ್‌ಮಿಲ್ಸ್ ಎಂಬ ಬಿಯರ್ ಮನೆಯಲ್ಲಿ ಜಾಜ್ ಸಂಗೀತಕ್ಕೆಂದೇ ಒಂದು ರಂಗಮಂದಿರ ಉಂಟು. ಹೊರದೇಶದವರು, ನಮ್ಮ ದೇಶದವರು ಅಲ್ಲಿಗೆ ಬಂದು ನುಡಿಸುತ್ತಾರೆ. ಇಂಥ ಕಡೆ ಈಗ ಒಂದು ಬಗೆಯ ತಂಡ ಮತ್ತೆ ಮತ್ತೆ ಕಾಣುತ್ತದೆ. ಡ್ರಮ್ ಬಾರಿಸುವವನೇ ಯಜಮಾನ. ಕೀಬೋರ್ಡಿನ ಗೆಳೆಯ, ಗಿಟಾರಿನ ಗೆಳೆಯ, ಕಂಜಿರದ ಗೆಳೆಯ ಎಲ್ಲರನ್ನೂ ಕೂಡಿಸಿಕೊಂಡು ಅವನು ತಂಡ ಕಟ್ಟುತ್ತಾನೆ. ಜಾಜ್ ಜೊತೆಗೆ ರಾಕ್, ಕರ್ನಾಟಕ ಸಂಗೀತ ಎಲ್ಲ ಬೆರೆತ ಆ ಸಂಗೀತಕ್ಕೆ ಫ್ಯೂಷನ್ ಅಂತ ಹೆಸರು.

ಒಂದು ಸಂಜೆ ಅಂಥದೇ ಸಂಗೀತವನ್ನು ಫೋನಿನಲ್ಲಿ ಕೇಳುತ್ತಾ ಆ ರಸ್ತೆಯಲ್ಲಿ ನಡೆದಿದ್ದೆ. ಎದುರಿಗೆ ಒಂದು ಹೆಣ ಬಂತು. ಹೆಣದ ಮುಂದೆ ನಾಲ್ಕು ತಮಟೆ. ಕಿವಿಯ ವಯರು ಕಿತ್ತೆ. ಆಫೀಸು ಬಿಟ್ಟು ಬರುತ್ತಿದ್ದವರಲ್ಲಿ ಒಬ್ಬ ಕಿವಿ ಮುಚ್ಚಿಕೊಂಡ, ಇನ್ನೊಬ್ಬ ಫೋನು ಎತ್ತಿ ವಿಡಿಯೋ ಮಾಡಿದ. ಒಂದು ಡ್ರಮ್ಮಿಗೆ ಟಿಕೆಟ್, ಇನ್ನೊಂದಕ್ಕೆ ಎಂಜಲು ಕಾಸು. ಎರಡೂ ಕೋಲು, ಎರಡೂ ಲಯ. ಹಾಗಾದರೆ ಈ ವ್ಯತ್ಯಾಸ ಸಂಗೀತದ್ದೋ, ಕೋಲು ಹಿಡಿದ ಕೈಯದ್ದೋ? ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ತಮಟೆಯವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ದೇವರ ಮುಂದೆ, ಹೆಣದ ಮುಂದೆ, ಮದುವೆ ಗಂಡಿನ ಮುಂದೆ, ಈಗ ಎಂಎಲ್‌ಎ ಮುಂದೆ. ಗುಡಿಯ ಬಾಗಿಲು ಬಂದ ಕೂಡಲೇ ಅವನ ಕಾಲು ನಿಲ್ಲುತ್ತದೆ. ದೇವರು ಒಳಕ್ಕೆ, ಅವನು ಹೊರಕ್ಕೆ. ಮುಂದೆ ನಡೆಯುವುದು ಬೇರೆ, ಮುಂದಾಳಾಗುವುದು ಬೇರೆ. ಜಾಜ್ ತಂಡದ ಡ್ರಮ್ಮರನು ಎಲ್ಲರಿಗಿಂತ ಹಿಂದೆ ಕೂರುತ್ತಾನೆ, ಆದರೂ ತಂಡ ಅವನ ಹೆಸರಿನಲ್ಲಿ ನಡೆಯುತ್ತದೆ. ಈ ಸ್ಥಾನ ಅವನಿಗೆ ಹೇಗೆ ಬಂತು ಅನ್ನುವುದನ್ನು ನಾವು ತಿಳಿಯಬೇಕು. ಅದು ಬಿಯರ್ ಮನೆಯವರ ಕತೆಯಲ್ಲ, ನಮ್ಮಂಥವರ ಕತೆ.

1739ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಕರಿಯ ಗುಲಾಮರು ಬಂಡೆದ್ದರು. ಡ್ರಮ್ ಬಡಿಯುತ್ತಾ ಜನ ಸೇರಿಸಿಕೊಂಡು ನಡೆದರು. ಬಂಡಾಯವನ್ನು ಬಿಳಿಯರು ರಕ್ತದಲ್ಲಿ ಮುಳುಗಿಸಿದರು. ಮರುವರ್ಷ, 1740ರಲ್ಲಿ, ಗುಲಾಮರು ಡ್ರಮ್ ಇಟ್ಟುಕೊಳ್ಳಬಾರದು ಅಂತ ಕಾನೂನು ಬಂತು. ಗುಲಾಮನ ಕೈಯ ಡ್ರಮ್ ಮಾತಾಡುತ್ತದೆ ಅಂತ ಯಜಮಾನನಿಗೆ ಗೊತ್ತಿತ್ತು. ನಮ್ಮ ಯಜಮಾನರು ಇನ್ನೂ ಜಾಣರು. ಅವರು ತಮಟೆ ಕಿತ್ತುಕೊಳ್ಳಲಿಲ್ಲ, ಹೊತ್ತುಕೊಳ್ಳಲೇಬೇಕು ಅಂತ ಕೊರಳಿಗೆ ಕಟ್ಟಿದರು. ಅಲ್ಲಿ ನಿಷೇಧ, ಇಲ್ಲಿ ಬಿಟ್ಟಿ ಚಾಕರಿ. ಎರಡರ ಗುರಿಯೂ ಆ ಡ್ರಮ್ ತನ್ನ ಮಾತನ್ನು ತಾನು ಆಡದಂತೆ ನೋಡಿಕೊಳ್ಳುವುದು.

ನ್ಯೂ ಆರ್ಲಿಯನ್ಸ್ ಎಂಬ ಊರಿನ ಕಾಂಗೋ ಮೈದಾನದಲ್ಲಿ ಮಾತ್ರ ಭಾನುವಾರ ಗುಲಾಮರು ಸೇರಿ ಬಾರಿಸಿ ಕುಣಿಯಲು ಬಿಡುತ್ತಿದ್ದರು. ಮುಂದೆ ಜಾಜ್ ಬೆಳೆದದ್ದು ಅದೇ ಊರಿನಲ್ಲಿ. ಅಲ್ಲಿಯೂ ಹೆಣದ ಮುಂದೆ ವಾದ್ಯ ಹೋಗುತ್ತದೆ. ಸ್ಮಶಾನಕ್ಕೆ ಹೋಗುವಾಗ ಡ್ರಮ್ಮಿನ ದನಿ ಅಡಗಿಸಿ ನಿಧಾನಕ್ಕೆ ಬಾರಿಸುತ್ತಾರೆ, ಮಣ್ಣು ಮಾಡಿ ಬರುವಾಗ ಕುಣಿತದ ಹೊಡೆತ ಹಾಕುತ್ತಾರೆ. ಸಾವಿನ ಮನೆಯ ತಮಟೆ ಕೇಳಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಭೇದ ಉಂಟು. ಅಲ್ಲಿ ಕರಿಯರು ತಾವೇ ಸಂಘ ಕಟ್ಟಿಕೊಂಡು, ತಿಂಗಳು ತಿಂಗಳು ಚಂದಾ ಕೂಡಿಸಿ, ತಮ್ಮವನು ಸತ್ತಾಗ ತಮ್ಮವರದೇ ವಾದ್ಯ ಕರೆಸುತ್ತಿದ್ದರು. ಇಲ್ಲಿ ಗೌಡರ ಮನೆಯ ಸಾವಿಗೆ ಹಟ್ಟಿಯವನು ಹಸಿದ ಹೊಟ್ಟೆಯಲ್ಲಿ ಹೋಗಿ ಬಡಿಯಬೇಕಿತ್ತು.

ಡ್ರಮ್ಮರನು ಯಜಮಾನನಾದದ್ದು ಒಂದೇ ದಿನದಲ್ಲಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಚಿಕ್ ವೆಬ್ ಇದ್ದ. ಬೆನ್ನುಮೂಳೆಯ ಕ್ಷಯದಿಂದ ಗೂನಾದ ಆಳು. ಸವಾಯ್ ಎಂಬ ನಾಟ್ಯಶಾಲೆಯಲ್ಲಿ ದೊಡ್ಡ ವಾದ್ಯಮೇಳವನ್ನು ಡ್ರಮ್ಮಿನ ಹಿಂದೆ ಕೂತೇ ನಡೆಸಿದ. ಎಲ್ಲಾ ಫಿಟ್ಜೆರಾಲ್ಡ್ ಎಂಬ ದಿಕ್ಕಿಲ್ಲದ ಹುಡುಗಿಯನ್ನು ಹಾಡಲು ಸೇರಿಸಿಕೊಂಡ. ಅವನಾದ ಮೇಲೆ ಆರ್ಟ್ ಬ್ಲೇಕಿ, 1990ರಲ್ಲಿ ಸಾಯುವವರೆಗೂ ಹೊಸ ಹುಡುಗರನ್ನು ಕಟ್ಟಿಕೊಂಡು ಜಾಜ್ ಮೆಸೆಂಜರ್ಸ್ ತಂಡ ನಡೆಸಿದ. 1960ರಲ್ಲಿ ಮ್ಯಾಕ್ಸ್ ರೋಚ್ ಎಂಬ ಡ್ರಮ್ಮರನು ಕರಿಯರ ಬಿಡುಗಡೆಗಾಗಿಯೇ ‘ವಿ ಇನ್‌ಸಿಸ್ಟ್!’ ಎಂಬ ಧ್ವನಿಮುದ್ರಿಕೆ ತಂದ. ಅದರ ಹೊದಿಕೆಯ ಚಿತ್ರದಲ್ಲಿ ಮೂವರು ಕರಿಯರು ಹೋಟೆಲಿನ ಕಟ್ಟೆಯ ಮುಂದೆ ಕೂತಿದ್ದಾರೆ. ಆ ವರ್ಷದ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋ ಊರಿನ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಕಟ್ಟೆಯಲ್ಲಿ ಕೂತು ಎದ್ದೇಳಲಿಲ್ಲ. ಆ ಚಿತ್ರ ಅದರ ನೆನಪು. ನಮ್ಮ ಹಳ್ಳಿ ಹೋಟೆಲಿನ ಬೇರೆ ಲೋಟ ಕಂಡವರಿಗೆ ಈ ಡ್ರಮ್ ಯಾಕೆ ಅಷ್ಟು ಕೋಪದಲ್ಲಿದೆ ಅಂತ ತಿಳಿಯುತ್ತದೆ. ಹದಿನೇಳರ ಹುಡುಗನಾಗಿ ದೊಡ್ಡ ತಂಡ ಸೇರಿದ್ದ ಟೋನಿ ವಿಲಿಯಮ್ಸ್ 1969ರಲ್ಲಿ ಲೈಫ್‌ಟೈಮ್ ಎಂಬ ತನ್ನದೇ ತಂಡ ಕಟ್ಟಿ ಜಾಜ್‌ಗೆ ರಾಕ್ ಬೆರೆಸಿದ. ಇವತ್ತಿನ ಫ್ಯೂಷನ್ ಡ್ರಮ್ಮರುಗಳ ಹಿರಿಯರು ಇವರು.

ಈ ಹೊಳೆ ಬೆಂಗಳೂರಿಗೂ ಬಂತು. 1964ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯನ್ನು ಮೃದಂಗದ ಟಿ.ಎ.ಎಸ್. ಮಣಿ ಮತ್ತು ಹಾಡುಗಾರ್ತಿ ಆರ್.ಎ. ರಮಾಮಣಿ ಬೆಳೆಸಿದರು. ಜರ್ಮನಿಯ ಎಂಬ್ರಿಯೋ ತಂಡ 1970ರ ದಶಕದ ಕೊನೆಗೆ ಭಾರತಕ್ಕೆ ಬಂದಾಗ ಇವರ ಜೊತೆ ನುಡಿಸಿತು. ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ 1983ರಲ್ಲಿ ಇವರೊಡನೆ ‘ಜ್ಯೋತಿ’ ಎಂಬ ಮುದ್ರಿಕೆ ಮಾಡಿದ. ಅದರಲ್ಲಿ ಮೃದಂಗ, ಘಟ, ಕಂಜಿರ, ಮೋರ್ಸಿಂಗ್, ಬಾಯಲ್ಲಿ ಹೇಳುವ ಕೊನ್ನಕ್ಕೋಲು ಎಲ್ಲ ಇವೆ. ಮಣಿಯವರು 2020ರಲ್ಲಿ ತೀರಿಕೊಂಡರು. ಲೋಕದ ಜಾಜ್ ಜನರಿಗೆ ಕರ್ನಾಟಕ ಎಂಬ ಹೆಸರನ್ನು ಮುಟ್ಟಿಸಿದ ಅವರ ದುಡಿಮೆಯನ್ನು ಸಣ್ಣದು ಮಾಡಿ ನಾನು ಬರೆಯಲಾರೆ.

ಇದೇ ಶಾಲೆಯಲ್ಲಿ ಕಲಿತವರು ರಮೇಶ್ ಶೋಥಮ್. 1948ರಲ್ಲಿ ಮದರಾಸಿನಲ್ಲಿ ಹುಟ್ಟಿದವರು. ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸಿ ಹೆಸರು ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ತವಿಲ್ ಕಲಿತರು, ಘಟ, ಕಂಜಿರ, ಮೋರ್ಸಿಂಗ್ ಕಲಿತರು. ಮುಂದೆ ಜರ್ಮನಿಯ ಕಲೋನ್ ನಗರದಲ್ಲಿ ನೆಲೆ ನಿಂತರು. ಲೆಬನಾನಿನ ರಬೀ ಅಬೂ ಖಲೀಲ್ ಅಂಥವರ ಜೊತೆ ನುಡಿಸಿದರು. ‘ಮದ್ರಾಸ್ ಸ್ಪೆಷಲ್’ ಎಂಬ ತಮ್ಮದೇ ತಂಡ ಕಟ್ಟಿದರು. ಗೆಳೆಯರನ್ನು ಕೂಡಿಸಿಕೊಂಡು ಡ್ರಮ್ಮರನೇ ಮುಂದಾಳಾಗುವ ದಾರಿಯನ್ನು ನಮ್ಮ ಕಡೆಯಿಂದ ತುಳಿದ ಮೊದಲಿಗರಲ್ಲಿ ಅವರೊಬ್ಬರು.

ಶೋಥಮ್ ಅವರ ಬಾರಿಸುವಿಕೆಯಲ್ಲಿ ನನಗೆ ಹಿಡಿಸುವುದು ಅದರ ವಿನಯ. ಐದರ, ಏಳರ, ಒಂಬತ್ತರ ಲೆಕ್ಕಗಳು ಕೈಯಲ್ಲಿದ್ದರೂ ಗೆಳೆಯನ ಸ್ವರ ತುಳಿಯುವುದಿಲ್ಲ. ಕಂಜಿರ ಸಾಕಾದ ಕಡೆ ಇಡೀ ಡ್ರಮ್ ಸೆಟ್ಟು ಸುಮ್ಮನಿರುತ್ತದೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತನಿ ಆವರ್ತನ ಶುರುವಾದರೆ ಜನ ಕಾಫಿ ಕುಡಿಯಲು ಏಳುತ್ತಾರೆ ಎಂಬ ತಮಾಷೆ ಹಳೆಯದು. ಲಯವಾದ್ಯದವನಿಗೆ ಕೊಡುವ ಮರ್ಯಾದೆ ಅಷ್ಟು. ಜಾಜ್‌ನಲ್ಲಿ ನಾಲ್ಕು ಆವರ್ತ ನೀನು, ನಾಲ್ಕು ಆವರ್ತ ನಾನು ಅಂತ ಹಂಚಿಕೊಂಡು ನುಡಿಸುವ ಪದ್ಧತಿ ಇದೆ. ಮಾತು ಕೊಡುವುದು, ಮಾತು ಕೇಳಿಸಿಕೊಳ್ಳುವುದು. ಸಮಾನತೆ ಅನ್ನುವುದು ಕಿವಿಗೆ ಕೇಳುವಂತಿದ್ದರೆ ಹೀಗೇ ಇರುತ್ತದೆ. ಓಲಗದ ಡೋಲಿನ ಒಡಹುಟ್ಟಾದ ತವಿಲನ್ನು ಜಾಜ್ ವೇದಿಕೆಗೆ ಹತ್ತಿಸಿದ್ದೂ ಸಣ್ಣ ಕೆಲಸವಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಕರಾರು ಹೇಳಬೇಕು. ಅದು ಒಬ್ಬ ವಾದ್ಯಗಾರನ ಮೇಲಲ್ಲ, ಈ ಫ್ಯೂಷನ್ನಿನ ನಕ್ಷೆಯ ಮೇಲೆ. ಬೆಂಗಳೂರಿನಿಂದ ಕಲೋನಿಗೆ ಸೇತುವೆ ಆಯಿತು, ಬೆರೂತಿಗೆ ಆಯಿತು, ನ್ಯೂಯಾರ್ಕಿಗೂ ಆಯಿತು. ಸಭಾಂಗಣದಿಂದ ಹಟ್ಟಿಗೆ ಮಾತ್ರ ಹಲಗೆಯನ್ನೂ ಹಾಸಲಿಲ್ಲ. ಬೆರೆಸುವುದೇ ಧರ್ಮ ಎಂದ ಸಂಗೀತ ಸಮುದ್ರ ದಾಟಿತು, ಊರಬಾಗಿಲು ದಾಟಲಿಲ್ಲ.

ತಮಟೆಗೆ ಶಾಸ್ತ್ರ ಇಲ್ಲ, ಬರೀ ಗದ್ದಲ ಅನ್ನುವವರಿದ್ದಾರೆ. ಸಾವಿಗೆ ಒಂದು ಗತ್ತು, ಮದುವೆಗೆ ಒಂದು ಗತ್ತು, ಮಾರಿಗೆ ಒಂದು ಗತ್ತು. ಮೂರು ಹೊಲದಾಚೆ ನಿಂತು ಕೇಳಿದ ನಮ್ಮಜ್ಜಿ ಯಾವುದು ಏನಂತ ಹೇಳುತ್ತಿದ್ದಳು. ಸೊಪ್ಪು ಸೆದೆ ಉರಿಸಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಹದ ನೋಡುವುದು ಶ್ರುತಿ ಮಾಡುವುದಲ್ಲದೆ ಮತ್ತೇನು? ಬಲಗೈಯ ಮೋಟು ಕೋಲು, ಎಡಗೈಯ ಸಣ್ಣ ಕಡ್ಡಿ, ಒಂದು ಕೇಳುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ. ಇದನ್ನೂ ಬಾಯಲ್ಲೇ ಹೇಳಿಕೊಡುತ್ತಾರೆ. ಬರೆದಿಡಲು ಬಿಡುವಿದ್ದವರ ಲೆಕ್ಕ ಶಾಸ್ತ್ರವಾಯಿತು, ಬಿಡುವಿಲ್ಲದವರ ಲೆಕ್ಕ ಗದ್ದಲವಾಯಿತು.

ಮೈಲಿಗೆಯ ಮಾತೂ ಸುಳ್ಳು. ಮೃದಂಗದ ಮೇಲಿರುವುದೂ ಸತ್ತ ದನದ, ಆಡಿನ ಚರ್ಮವೇ. ಅದನ್ನು ಹದ ಮಾಡಿ ಬಿಗಿಯುವ ದಲಿತ ಕುಟುಂಬಗಳ ಕತೆಯನ್ನು ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದಲ್ಲಿ ಬರೆದರು. ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈಯ ಕಲಾಕ್ಷೇತ್ರ ವಾಪಸು ಪಡೆಯಿತು. ಚರ್ಮ ಒಳಗೆ ಬರಬಹುದು, ಚರ್ಮದ ಕತೆ ಬರಬಾರದು!

ಇನ್ನು ನಮ್ಮ ಮನೆಯ ಜಗಳ. 1970–80ರ ದಶಕಗಳಲ್ಲಿ ದಲಿತ ಚಳವಳಿ ಹಳ್ಳಿಗಳಿಗೆ ಹೋದಾಗ ಬಿಟ್ಟಿ ತಮಟೆ ಬಡಿಯುವುದಿಲ್ಲ ಎಂಬ ನಿರಾಕರಣೆ ಬಂತು. ಅದು ನ್ಯಾಯ. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡಿನ ಜೊತೆ ತಮಟೆಯೂ ಬಂತು. ಅದೂ ನ್ಯಾಯ. ನಮ್ಮಪ್ಪ ತಮಟೆಯನ್ನು ಅಟ್ಟದ ಮೇಲೆಸೆದು, “ನೀನು ಮುಟ್ಟಬ್ಯಾಡ ಮಗ, ಓದ್ಕೊ” ಅಂದ. ಓದಿದೆ, ಪದವೀಧರನಾದೆ. ಅಪ್ಪ ಎಸೆದದ್ದು ಗುಲಾಮಗಿರಿಯನ್ನು. ಅದರ ಜೊತೆ ಒಂದು ವಿದ್ಯೆಯೂ ಅಟ್ಟ ಸೇರಿತು. ಇವತ್ತು ನನಗೆ ಟೋನಿ ವಿಲಿಯಮ್ಸ್ ಹೆಸರು ಗೊತ್ತು, ತಮಟೆ ಕಾಯಿಸಲು ಬರುವುದಿಲ್ಲ. ಈ ನಷ್ಟಕ್ಕೆ ಅಪ್ಪ ಹೊಣೆಯಲ್ಲ. ಅವನಿಗೆ ಎರಡೇ ದಾರಿ ಬಿಟ್ಟವರು ಹೊಣೆ.

ಮೂರನೆಯ ದಾರಿ ಇಲ್ಲವೇ? ಚೆನ್ನೈಯಲ್ಲಿ ಪಾ. ರಂಜಿತ್ ಮತ್ತು ತೆನ್ಮಾ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಅಲ್ಲಿ ಪರೈ, ಗಿಟಾರು, ಡ್ರಮ್ ಸೆಟ್ಟು ಒಂದೇ ಸಾಲಿನಲ್ಲಿ ನಿಂತವು. ನಮ್ಮಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಪದಕ ಒಬ್ಬರ ಎದೆಗೆ ಬರುತ್ತದೆ, ತಂಡ ಹತ್ತು ಜನರದು. ತಮಟೆಯವನನ್ನು ಐದು ನಿಮಿಷದ ಒಗ್ಗರಣೆಗೆ ಕರೆದು, ಶಾಲು ಹೊದಿಸಿ, ಬಸ್ ಚಾರ್ಜು ಕೊಟ್ಟು ಕಳಿಸುವುದು ಫ್ಯೂಷನ್ ಅಲ್ಲ, ಹಳೆಯ ಚಾಕರಿಗೇ ಮೈಕು ಇಟ್ಟ ಹಾಗೆ. ತಂಡದ ಹೆಸರು ಅವನದಾಗಲಿ. ಯಾವ ಗತ್ತು, ಎಷ್ಟು ಹೊತ್ತು, ಯಾರು ಯಾವಾಗ ಅಂತ ಅವನು ಹೇಳಲಿ. ದುಡ್ಡಿನ ಲೆಕ್ಕ ಎಲ್ಲರ ಮುಂದೆ ಆಗಲಿ. ಆಗ ಆ ಸಂಗೀತದ ಒಳ್ಳೆಯದು ಕೆಟ್ಟದ್ದನ್ನು ಮಾತಾಡೋಣ.

ಹಳ್ಳಿಯ ಮೇಷ್ಟರುಗಳಲ್ಲಿ ಒಂದು ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ತಮಟೆ ಬೇಕಾದಾಗ ಹಟ್ಟಿಯ ಹುಡುಗರನ್ನೇ ಹುಡುಕಬೇಡಿ ಸಾರ್. ಅದನ್ನು ಗೌಡರ ಮಗನ ಕೊರಳಿಗೂ ಹಾಕಿ. ಅವನು ಅಳುತ್ತಾ ಮನೆಗೆ ಹೋಗಬಹುದು, ಅವನಪ್ಪ ಶಾಲೆಗೆ ಬರಬಹುದು. ಬರಲಿ, ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಬ್ಯಾಂಡ್ ಸೆಟ್ಟಿನ ಡ್ರಮ್ ಕೋಲನ್ನು ಹಟ್ಟಿಯ ಹುಡುಗಿಯ ಕೈಗೆ ಕೊಡಿ. ಅವಳು ತನ್ನ ಗೆಳತಿಯರನ್ನು ಕರೆದುಕೊಂಡು ಬಂದು ಹಿಂದೆ ಕೂರಲಿ, ಅಲ್ಲಿಂದ ನಡೆಸಲಿ.

ಅಂಥ ತಂಡ ಒಂದು ದಿನ ಪಟ್ಟಂದೂರು ಅಗ್ರಹಾರದ ನಿಲ್ದಾಣದಲ್ಲಿ ಇಳಿದರೆ ನಾನು ಟಿಕೆಟ್ ತೆಗೆದುಕೊಂಡು ಹೋಗುತ್ತೇನೆ. ನಮ್ಮಪ್ಪನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.